ಗದಾಯುದ್ಧದ ಜಲಮಂತ್ರ: ಸಹಜಶಕ್ತಿ ಆಹಾರ್ಯಶಕ್ತಿಗಳ ಸಂಬಂಧವಿಚಾರ

೧

ರನ್ನಕವಿಯ ಗದಾಯುದ್ಧದಲ್ಲಿ ದುರ್ಯೋಧನನು ವೈಶಂಪಾಯನಸರೋವರವನ್ನು ಹೊಕ್ಕು ಅಡಗಿದ ಸಂದರ್ಭವು ಕನ್ನಡ ಸಾಹಿತ್ಯವನ್ನು ಬಲ್ಲವರೆಲ್ಲರಿಗೂ ಸುಪರಿಚಿತವಾದುದು. ಭೀಮಸೇನನ ಸಿಂಹಗರ್ಜನೆಯನ್ನು ಕೇಳಿ, ನೀರಿನ ಒಳಗೇ ಇದ್ದರೂ, ಕೋಪದಿಂದ ಕಣ್ಣು ಕೆಂಪಾಗಿ ಆ ಉರಗಪತಾಕನು ಬೆವರಿದನೆಂದು ಕವಿಯು ಹೇಳುವ ಪದ್ಯವನ್ನು ಬಾಯಿಪಾಠವಾಗಿ ಒಪ್ಪಿಸದ ವಿದ್ಯಾರ್ಥಿಯು ವಿರಳ. ಆದರೆ ಆ ಪದ್ಯದ ಚಮತ್ಕಾರವನ್ನು ಕೊಂಡಾಡಿದವರು ಎಷ್ಟು ಮಂದಿಯೋ, ಅದು ಇಡೀ ಪ್ರಬಂಧದಲ್ಲಿ ಯಾವ ಕೆಲಸವನ್ನು ಮಾಡುತ್ತದೆಂಬುದನ್ನು ವಿಚಾರಿಸಿದವರು ಅಷ್ಟು ಮಂದಿ ಇಲ್ಲ. ಸಾಮಾನ್ಯವಾಗಿ ಅದನ್ನು ಅತಿಶಯೋಕ್ತಿಗೆ ಉದಾಹರಣೆಯೆಂದೋ ವಿರೋಧಾಭಾಸಕ್ಕೆ ಲಕ್ಷ್ಯವೆಂದೋ ಹೇಳಿ ಮುಂದಕ್ಕೆ ಸಾಗುವುದು ವಾಡಿಕೆಯಾಗಿದೆ. ಇನ್ನು ಕೆಲವರು, ಅಷ್ಟು ಹೊತ್ತು ಮಹಾಸತ್ತ್ವನೆಂದು ವರ್ಣಿತನಾದ ರಾಜನು ಕೊಳದಲ್ಲಿ ಅವಿತುಕೊಂಡದ್ದು ಪಾತ್ರಕ್ಕೆ ಕಲಂಕವೆಂದೂ, ವ್ಯಾಸಭಾರತದ ಕಥೆಗೆ ಕಟ್ಟುಬಿದ್ದು ಕವಿಯು ಅದನ್ನು ಬಿಡಲಾರದೆ ಉಳಿಸಿಕೊಂಡನೆಂದೂ ಆಕ್ಷೇಪಿಸುವುದುಂಟು.

ಈ ಎರಡು ಅಭಿಪ್ರಾಯಗಳೂ ಪೂರ್ಣವಾಗಿ ಗ್ರಾಹ್ಯವಲ್ಲ. ಜಲಮಂತ್ರದ ಪ್ರಸಂಗವು ಕಥೆಯ ಅನಿವಾರ್ಯಭಾರವೂ ಅಲ್ಲ, ಬರಿಯ ಅಲಂಕಾರಸ್ಥಾನವೂ ಅಲ್ಲ. ಮನುಷ್ಯನಲ್ಲಿ ಹುಟ್ಟಿನಿಂದ ಇರುವ ಶಕ್ತಿಗೂ ಹೊರಗಿನಿಂದ ಅವನು ತಂದುಕೊಳ್ಳುವ ಸಾಧನಕ್ಕೂ ಇರುವ ಸಂಬಂಧವೇನು, ಬಳಲಿದವನನ್ನು ಚೇತರಿಸುವ ವಿಷಯದಲ್ಲಿ ಇವೆರಡೂ ಯಾವಾಗ ಕೂಡಿ ಬೆಳೆಯುತ್ತವೆ, ಯಾವಾಗ ಒಂದನ್ನೊಂದು ಕೆಡಿಸುತ್ತವೆ ಎಂಬ ಪ್ರಶ್ನೆಗೆ ರನ್ನನು ಕೊಟ್ಟ ಉತ್ತರವೇ ಆ ಪ್ರಸಂಗ. ಇದನ್ನು ತೋರಿಸುವುದು ಪ್ರಕೃತಲೇಖನದ ಉದ್ದೇಶ.

೨

ಮೊದಲು ಶಾಸ್ತ್ರದೃಷ್ಟಿಯಿಂದ ಪ್ರಶ್ನೆಯನ್ನು ನಿಲ್ಲಿಸಬೇಕು. ರನ್ನನಿಗೆ ಸ್ವಲ್ಪ ಹಿಂದೆ, ಹತ್ತನೆಯ ಶತಮಾನದ ಆದಿಭಾಗದಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕಾರಯಿತ್ರೀ ಪ್ರತಿಭೆಯನ್ನು ಮೂರಾಗಿ ವಿಂಗಡಿಸುತ್ತಾನೆ. ಜನ್ಮಾಂತರಸಂಸ್ಕಾರದಿಂದ ಬಂದುದು ಸಹಜೆ. ಈ ಜನ್ಮದ ಸಂಸ್ಕಾರದಿಂದ ಪಡೆದುದು ಆಹಾರ್ಯೆ. ಮಂತ್ರತಂತ್ರಾದಿಗಳ ಉಪದೇಶದಿಂದ ಲಭಿಸಿದುದು ಔಪದೇಶಿಕೀ. ಅನಂತರ ಅಲ್ಲಿಯೇ ಒಂದು ಸ್ವಾರಸ್ಯವಾದ ವಾದವು ಬರುತ್ತದೆ. ಸ್ವಭಾವದಿಂದಲೇ ಸಿಹಿಯಾದ ದ್ರಾಕ್ಷಿಗೆ ಸಕ್ಕರೆಪಾಕದ ಸಂಸ್ಕಾರವು ಬೇಕಿಲ್ಲ, ಆದಕಾರಣ ಸಹಜಶಕ್ತಿಯುಳ್ಳವನಿಗೆ ಮಂತ್ರತಂತ್ರಗಳ ಗೊಡವೆ ಏತಕ್ಕೆ ಎಂದು ಹಿಂದಿನ ಆಚಾರ್ಯರ ಮತ. ಯಾಯಾವರೀಯನಾದ ರಾಜಶೇಖರನು ಇದನ್ನು ಒಪ್ಪುವುದಿಲ್ಲ. ಒಂದೇ ಪ್ರಯೋಜನಕ್ಕಾಗಿ ಎರಡು ಕ್ರಿಯೆಗಳು ನಡೆದರೆ ಫಲವು ಇಮ್ಮಡಿಯಾಗುತ್ತದೆಂದು ಅವನ ಸಿದ್ಧಾಂತ. ಇಲ್ಲಿ ‘ಒಂದೇ ಪ್ರಯೋಜನಕ್ಕಾಗಿ’ ಎಂಬ ನಿಬಂಧನೆಯನ್ನು ಲಕ್ಷ್ಯದಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಅದರ ಮೇಲೆಯೇ ನಿಂತಿದೆ.

ದಂಡಿಯು ನೈಸರ್ಗಿಕವಾದ ಪ್ರತಿಭೆ, ನಿರ್ಮಲವಾದ ಶ್ರುತ, ಎಡೆಬಿಡದ ಅಭಿಯೋಗ ಎಂಬ ಮೂರನ್ನು ಕಾವ್ಯಸಂಪತ್ತಿಗೆ ಕಾರಣವೆಂದು ಹೇಳಿ, ಬಳಿಕ, ಪ್ರತಿಭೆಯು ಇಲ್ಲದಿದ್ದರೂ ಶ್ರುತದಿಂದಲೂ ಯತ್ನದಿಂದಲೂ ಉಪಾಸಿತಳಾದ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುತ್ತಾಳೆಂದು ಸಮಾಧಾನವನ್ನು ಕೊಡುತ್ತಾನೆ. ಎಂದರೆ ಒಂದು ಇಲ್ಲದಿದ್ದರೂ ಉಳಿದುವು ತಮ್ಮ ಪಾಲಿನ ಫಲವನ್ನು ಕೊಡುತ್ತವೆಂದು ಆತನ ಭಾವ. ಮಮ್ಮಟನದು ಬೇರೆಯ ಮಾರ್ಗ. ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ‘ಹೇತು’ವೆಂಬ ಏಕವಚನವನ್ನೇ ಪ್ರಯೋಗಿಸಿ, ಇವು ಬೇರೆ ಬೇರೆಯಾದ ಮೂರು ಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತುವೆಂದು ವೃತ್ತಿಯಲ್ಲಿ ಸ್ಪಷ್ಟಪಡಿಸುತ್ತಾನೆ. ದಂಡಿಯದು ಕೂಡಿಸುವ ಲೆಕ್ಕ. ಮಮ್ಮಟನದು ಗುಣಿಸುವ ಲೆಕ್ಕ. ಕೂಡಿಸುವಲ್ಲಿ ಒಂದು ಸೊನ್ನೆಯಾದರೂ ಮಿಕ್ಕದ್ದು ಉಳಿಯುತ್ತದೆ. ಗುಣಿಸುವಲ್ಲಿ ಒಂದು ಸೊನ್ನೆಯಾದರೆ ಸರ್ವವೂ ಸೊನ್ನೆ.

ರಬಕವಿ ಬನಹಟ್ಟಿಗಳ ನೇಕಾರರ ಮಗ್ಗದ ಮುಂದೆ ನಿಂತು ನೋಡಿದವರಿಗೆ ಈ ಭೇದವು ಕೂಡಲೆ ಗೋಚರವಾಗುವುದು. ಹಾಸು ಹತ್ತು ಗಜ, ಹೊಕ್ಕು ಹತ್ತು ಗಜವೆಂದು ಕೂಡಿಸಿದರೆ ಇಪ್ಪತ್ತು ಗಜದ ನೂಲಾದೀತೇ ಹೊರತು ಸೀರೆಯಾಗಲಾರದು. ಹಾಸಿನ ಪ್ರತಿಯೊಂದು ಎಳೆಯನ್ನೂ ಹೊಕ್ಕಿನ ಪ್ರತಿಯೊಂದು ಎಳೆಯು ಹಾಯಬೇಕು. ಆಗ ಹುಟ್ಟುವ ವಸ್ತುವು ಎರಡರಲ್ಲಿ ಯಾವುದರಲ್ಲಿಯೂ ಮೊದಲಿರಲಿಲ್ಲ.

೩

ಲೌಕಿಕದಿಂದ ಇನ್ನೊಂದು ದೃಷ್ಟಾಂತವನ್ನೂ ತೆಗೆದುಕೊಳ್ಳಬಹುದು. ಅದು ಪಂಡಿತಗೋಷ್ಠಿಗೆ ಹೊರಗಿನದಾದರೂ ವಿಷಯವನ್ನು ವಿಶದಪಡಿಸುವುದರಿಂದ ಉಪೇಕ್ಷಣೀಯವಲ್ಲ. ಅನೇಕರು ದೂರದೂರದ ಸ್ಥಳಗಳಲ್ಲಿದ್ದು ಗಣಕಯಂತ್ರಗಳ ಮೂಲಕ ಒಂದೇ ಕಲ್ಪಿತಲೋಕದಲ್ಲಿ ಪಾತ್ರಗಳನ್ನು ಧರಿಸಿ ಆಡುವ ಆಟಗಳು ಈಗ ತರುಣರಲ್ಲಿ ಪ್ರಚಾರದಲ್ಲಿವೆ. ೨೦೦೪ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ ಕೆಲವರು ಯೋಧರು, ಕೆಲವರು ಯೋಧರ ಗಾಯಗಳನ್ನು ಮಂತ್ರದಿಂದ ಮಾಯಿಸುವ ಚಿಕಿತ್ಸಕರು. ಚಿಕಿತ್ಸಕನ ಬಲಕ್ಕೆ ಎರಡು ಮೂಲಗಳು: ಅವನು ತೊಟ್ಟ ಉಡುಪು, ಉಂಗುರ, ದಂಡ ಮೊದಲಾದ ತೊಡಿಗೆಯಿಂದ ಬರುವ ಅಧಿಕಬಲವು ಒಂದು, ‘ಟ್ಯಾಲೆಂಟ್’ ಎಂಬ ಹೆಸರಿನಿಂದ ಅವನು ಆರಿಸಿಕೊಂಡು ಮೈಗೂಡಿಸಿಕೊಂಡ ವಿಶೇಷಸಾಮರ್ಥ್ಯವು ಮತ್ತೊಂದು. ತೊಡಿಗೆಯನ್ನು ಕಳಚಿ ಇಡಬಹುದಾದ ವಸ್ತುವೆಂದೂ, ಟ್ಯಾಲೆಂಟನ್ನು ಆ ಪಾತ್ರದ ಶೀಲವೆಂದೂ ಹೇಳಬಹುದು.

ಇವೆರಡರ ಸಂಬಂಧವು ಆ ಆಟದಲ್ಲಿ ಅಂಕೆಗಳಿಂದಲೇ ನಿಶ್ಚಿತವಾಗಿರುವುದು ಕುತೂಹಲಕರವಾದ ವಿಷಯ. ಅದರ ಮೊದಲಿನ ಆವೃತ್ತಿಗಳಲ್ಲಿ ತೊಡಿಗೆಯ ಬಲವೆಲ್ಲವೂ ಪ್ರತಿಯೊಂದು ಮಂತ್ರಕ್ಕೂ ಸಲ್ಲುತ್ತಿರಲಿಲ್ಲ. ಮಂತ್ರೋಚ್ಚಾರಣೆಗೆ ಹಿಡಿಯುವ ಕಾಲವನ್ನು ಮೂರೂವರೆ ಸೆಕೆಂಡುಗಳಿಂದ ಭಾಗಿಸಿ ಬಂದ ಪ್ರಮಾಣದಷ್ಟು ಮಾತ್ರ ಸಲ್ಲುತ್ತಿತ್ತು. ಎರಡೂವರೆ ಸೆಕೆಂಡುಗಳ ಮಂತ್ರಕ್ಕೆ ಏಳರಲ್ಲಿ ಐದು ಪಾಲು. ಮಂತ್ರದ ಮೂಲಬಲವು ೧೦೦೦, ತೊಡಿಗೆಯ ಬಲವು ೭೦೦ ಎಂದಿಟ್ಟುಕೊಂಡರೆ, ೭೦೦ರಲ್ಲಿ ೫೦೦ ಮಾತ್ರ ಸೇರಿ ಒಟ್ಟು ೧೫೦೦ ಆಗುವುದು. ಬಳಿಕ ಚಿಕಿತ್ಸೆಯನ್ನು ನೂರಕ್ಕೆ ಹತ್ತರಂತೆ ಹೆಚ್ಚಿಸುವ ಸಾಮರ್ಥ್ಯವೊಂದು ಅವನಲ್ಲಿದ್ದರೆ, ಆ ಹೆಚ್ಚಳವು ಮೂಲಬಲಕ್ಕೆ ಮಾತ್ರ ತಗಲುವಲ್ಲಿ ೧೬೦೦ ಆಗುವುದು. ತೊಡಿಗೆಯ ಬಲವನ್ನೂ ಒಳಗೊಂಡು ತಗಲುವಲ್ಲಿ ೧೬೫೦ ಆಗುವುದು. ಈ ಐವತ್ತರ ಅಂತರವು ತೊಡಿಗೆಯದೂ ಅಲ್ಲ, ಸಾಮರ್ಥ್ಯದ್ದೂ ಅಲ್ಲ. ಎರಡರ ಸಂಯೋಗದಿಂದಲೇ ಹುಟ್ಟಿದುದು. ದಂಡಿಮಮ್ಮಟರ ನಡುವಣ ಅಂತರವು ಇಷ್ಟೇ.

ಅದೇ ಆಟದಲ್ಲಿ ಇನ್ನೆರಡು ನಿಯಮಗಳು ಗಮನಾರ್ಹವಾದುವು. ಗಾಯಗೊಂಡವನಿಗೆ ಕಡಿಮೆಯಾಗಿರುವ ಪ್ರಾಣಬಲವು ೬೦೦ ಮಾತ್ರವಿದ್ದರೆ, ೧೬೦೦ರ ಚಿಕಿತ್ಸೆಯೂ ೧೬೫೦ರ ಚಿಕಿತ್ಸೆಯೂ ಒಂದೇ ಫಲವನ್ನು ಕೊಡುತ್ತವೆ. ಮಿಕ್ಕುದು ತುಂಬಿದ ಕೊಡಕ್ಕೆ ಹೊಯ್ದ ನೀರು. ಎರಡನೆಯದಾಗಿ, ಚಿಕಿತ್ಸಕನು ಪ್ರಯೋಗಿಸದ ಮಂತ್ರವೊಂದನ್ನು ಬಲಪಡಿಸುವ ಆಭರಣವನ್ನು ಎಷ್ಟು ಧರಿಸಿದರೂ ಅದು ಬರಿಯ ಹೊರೆ. ಮೊದಲನೆಯ ನಿಯಮವು ಪಾತ್ರಾಪಾತ್ರವಿಚಾರ. ಎರಡನೆಯದು ರಾಜಶೇಖರನ ಏಕಾರ್ಥತೆಯ ವಿಚಾರ. ಇಷ್ಟು ತಿಳಿದರೆ ಆಟದಿಂದ ಶಾಸ್ತ್ರಕ್ಕೆ ಬೇಕಾದ ಉಪಕಾರವು ಆಯಿತು.

ಆದರೆ ಆಟಕ್ಕೂ ಕಾವ್ಯಕ್ಕೂ ಒಂದು ಮುಖ್ಯವಾದ ಭೇದವುಂಟು. ಆಟದ ರೋಗಿಗೆ ಇಚ್ಛೆಯಿಲ್ಲ. ಕೊಟ್ಟ ಚಿಕಿತ್ಸೆಯನ್ನು ಅವನ ಮೈ ಸುಮ್ಮನೆ ಸ್ವೀಕರಿಸುತ್ತದೆ. ಕಾವ್ಯದ ರೋಗಿಗಾದರೋ ಮನಸ್ಸುಂಟು, ಮಾನವುಂಟು, ಛಲವುಂಟು. ಅಲ್ಲಿಂದ ಮುಂದಕ್ಕೆ ಅಂಕೆಗಳು ನಿಲ್ಲುತ್ತವೆ; ವೈದ್ಯಶಾಸ್ತ್ರವನ್ನೂ ರಸಶಾಸ್ತ್ರವನ್ನೂ ಆಶ್ರಯಿಸಬೇಕಾಗುತ್ತದೆ.

೪

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ: ಭಿಷಕ್ಕು, ದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೆ ನಾಲ್ಕು ನಾಲ್ಕು ಗುಣಗಳಂತೆ ಒಟ್ಟು ಹದಿನಾರು ಗುಣಗಳು. ಇವುಗಳಲ್ಲಿ ಭಿಷಕ್ಕೇ ಪ್ರಧಾನನೆಂದೂ, ಕುಂಬಾರನಿಲ್ಲದೆ ಮಣ್ಣು, ಕೋಲು, ಚಕ್ರ, ದಾರ ಮೊದಲಾದುವು ಹೇಗೆ ಗಡಿಗೆಯನ್ನು ಮಾಡಲಾರವೋ ಹಾಗೆಯೇ ವೈದ್ಯನಿಲ್ಲದೆ ಉಳಿದ ಮೂರು ಪಾದಗಳು ನಿಷ್ಫಲವೆಂದೂ ಅಲ್ಲಿ ಪ್ರತಿಪಾದಿಸಿದೆ. ಸಾಧನಕ್ಕಿಂತ ಸಾಧಕನು ಮೇಲೆಂಬುದು ಇದರಿಂದ ಸಿದ್ಧವಾಯಿತು.

ಹತ್ತನೆಯ ಅಧ್ಯಾಯದಲ್ಲಿ ಮೈತ್ರೇಯನು ಎತ್ತುವ ಪೂರ್ವಪಕ್ಷವು ಇನ್ನೂ ತೀಕ್ಷ್ಣವಾದುದು. ಉಪಕರಣವೂ ಪರಿಚಾರಕರೂ ಕುಶಲನಾದ ವೈದ್ಯನೂ ಉಳ್ಳ ರೋಗಿಗಳಲ್ಲಿ ಕೆಲವರು ಎದ್ದು ನಿಲ್ಲುತ್ತಾರೆ, ಕೆಲವರು ಸಾಯುತ್ತಾರೆ; ಏನೂ ಇಲ್ಲದವರಲ್ಲಿಯೂ ಕೆಲವರು ಎದ್ದು ನಿಲ್ಲುತ್ತಾರೆ, ಕೆಲವರು ಸಾಯುತ್ತಾರೆ; ಹೀಗಿರಲು ಚಿಕಿತ್ಸೆಗೂ ಅಚಿಕಿತ್ಸೆಗೂ ಭೇದವೇನು ಎಂದು ಅವನ ಪ್ರಶ್ನೆ. ಆತ್ರೇಯನ ಉತ್ತರವು ಎರಡು ಮುಖವಾಗಿದೆ. ಕೆಳಗೆ ಬಿದ್ದವನು ತಾನೇ ಏಳಬಲ್ಲವನಾದರೂ ಇನ್ನೊಬ್ಬನು ಕೈಕೊಟ್ಟು ಎತ್ತಿದರೆ ಬೇಗನೆಯೂ ಕ್ಲೇಶವಿಲ್ಲದೆಯೂ ಏಳುತ್ತಾನೆ. ಚಿಕಿತ್ಸೆಯು ಅಂಥ ಕೈಯಾಸರೆ. ಮತ್ತು ಎಲ್ಲ ರೋಗಗಳೂ ಸಾಧ್ಯರೋಗಗಳಲ್ಲ. ಅಸಾಧ್ಯವಾದುದಕ್ಕೆ ಸಮಸ್ತ ಸಾಧನಸಂಪತ್ತಿದ್ದರೂ ಫಲವಿಲ್ಲ.

ಈಗ ಗದಾಯುದ್ಧಕ್ಕೆ ಬಂದು ನೋಡತಕ್ಕದ್ದು. ಯುದ್ಧಭೂಮಿಯಲ್ಲಿ ದ್ರೋಣ, ದುಶ್ಶಾಸನ, ಕರ್ಣ, ಲಕ್ಷಣಕುಮಾರರ ಕಳೇಬರಗಳನ್ನು ಕಂಡು ಕಂಡು ಬೆಂದ ದುರ್ಯೋಧನನು ಆತುರನೆಂಬುದರಲ್ಲಿ ಸಂದೇಹವಿಲ್ಲ. ಬೆಂಬಿಡದೆ ಬರುವ ಸಂಜಯನು ಪರಿಚಾರಕ. ಪರಿಚಾರಕನಿಗೆ ಚರಕನು ವಿಧಿಸಿದ ಅನುರಾಗವೆಂಬ ಗುಣವು ಅವನಲ್ಲಿ ತುಂಬಿದೆ. ಶರಶಯ್ಯೆಯಲ್ಲಿ ಮಲಗಿರುವ ಭೀಷ್ಮನು ಭಿಷಕ್ಕು. ಅವನು ಉಪದೇಶಿಸುವ ಜಲಮಂತ್ರವೂ ವೈಶಂಪಾಯನಸರೋವರದ ತಣ್ಣೀರೂ ದ್ರವ್ಯ. ಹೀಗೆ ಚಿಕಿತ್ಸೆಯ ನಾಲ್ಕು ಪಾದಗಳೂ ಕಾವ್ಯದಲ್ಲಿ ನೆರೆದಿವೆ. ರನ್ನನು ಚರಕಸಂಹಿತೆಯನ್ನು ಮುಂದಿಟ್ಟುಕೊಂಡು ಪದ್ಯ ಬರೆದನೆಂಬುದು ಇಲ್ಲಿಯ ವಾದವಲ್ಲ. ಲೋಕಸ್ವಭಾವವನ್ನು ಯಥಾರ್ಥವಾಗಿ ಕಂಡ ಇಬ್ಬರು ಒಂದೇ ಸ್ಥಾನಕ್ಕೆ ಬಂದು ಸೇರುವುದರಲ್ಲಿ ಆಶ್ಚರ್ಯವಿಲ್ಲ.

ರೋಗಿಯ ನಾಲ್ಕು ಗುಣಗಳು ಯಾವುವೆಂದರೆ: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ತನ್ನ ಬೇನೆಯನ್ನು ತಿಳಿಯಹೇಳುವ ಜ್ಞಾಪಕತ್ವ. ದುರ್ಯೋಧನನಿಗೆ ಸ್ಮೃತಿಯು ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದೆ. ಒಬ್ಬೊಬ್ಬ ಸತ್ತವನ ಬಳಿಯಲ್ಲಿಯೂ ಅವನು ನಿಂತು ಹಳೆಯದನ್ನು ನೆನೆಯುತ್ತಾನೆ. ಅಭೀರುತ್ವವು ಅವನ ಪ್ರಾಣವೇ ಆಗಿದೆ. ಬೇನೆಯನ್ನು ಹೇಳಿಕೊಳ್ಳುವುದರಲ್ಲಿಯೂ ಅವನು ಹಿಂದುಳಿದವನಲ್ಲ. ಇಲ್ಲದ ಗುಣವು ಒಂದೇ: ನಿರ್ದೇಶಕಾರಿತ್ವ, ಎಂದರೆ ವೈದ್ಯನು ಹೇಳಿದಂತೆ ನಡೆದುಕೊಳ್ಳುವುದು. ಧೃತರಾಷ್ಟ್ರನೂ ಗಾಂಧಾರಿಯೂ ಭೀಷ್ಮನೂ ಹೇಳಿದ ಮೊದಲನೆಯ ಪಥ್ಯವು ಸಂಧಿ. ಅದನ್ನು ಅವನು ಮುಟ್ಟಲೊಲ್ಲ. ತಾನು ಹೋರುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂದು ಅವನೇ ಸಾರುತ್ತಾನೆ. ಪಥ್ಯವನ್ನು ತಳ್ಳಿದವನಿಗೆ ವೈದ್ಯನು ಕೊನೆಗೆ ಔಷಧವನ್ನಾದರೂ ಕೊಡಬೇಕಾಯಿತು: ಇಂದಿನ ದಿನವನ್ನು ನೀರಿನಲ್ಲಿ ಕಳೆದರೆ ನಾಳೆ ಬಲರಾಮ, ಅಶ್ವತ್ಥಾಮ, ಕೃಪ, ಕೃತವರ್ಮರು ಕೂಡಿಬರುವರು. ಪಥ್ಯವಿಲ್ಲದ ಔಷಧದ ಗತಿಯು ಏನಾಗುವುದೆಂದು ವೃದ್ಧವೈದ್ಯರು ಯಾವುದನ್ನು ಹೇಳುತ್ತಾರೋ ಅದೇ ಮುಂದಿನ ಕಥೆ.

೫

ವ್ಯಾಸಭಾರತದ ಶಲ್ಯಪರ್ವದಲ್ಲಿ ಈ ಕೊಳಕ್ಕೆ ದ್ವೈಪಾಯನಹ್ರದವೆಂದು ಹೆಸರು. ಅಲ್ಲಿ ದುರ್ಯೋಧನನು ತನ್ನ ಮಾಯೆಯಿಂದ ನೀರನ್ನು ಸ್ತಂಭನಗೊಳಿಸಿ ಒಳಹೊಕ್ಕವನು. ತನ್ನನ್ನು ಅರಸಿ ಬಂದ ಕೃಪಾದಿಗಳಿಗೆ, ಎಲ್ಲರೂ ಬಳಲಿದ್ದೇವೆ, ಈ ರಾತ್ರಿ ವಿಶ್ರಮಿಸಿ ನಾಳೆ ಯುದ್ಧಮಾಡೋಣವೆಂದು ಹೇಳುತ್ತಾನೆ. ಯುಧಿಷ್ಠಿರನು ಮೂದಲಿಸಿದಾಗಲೂ, ಪ್ರಾಣಭಯದಿಂದಲ್ಲ, ಶ್ರಮದಿಂದ ನೀರನ್ನು ಹೊಕ್ಕೆನೆಂದು ನೀರಿನೊಳಗಿನಿಂದಲೇ ಉತ್ತರ ಕೊಡುತ್ತಾನೆ. ಬಹಳ ಹೊತ್ತು ಮಾತುಗಳು ನಡೆದ ಮೇಲೆ ಕೊರಡೆಯ ಪೆಟ್ಟು ತಿಂದ ಜಾತಿಯ ಕುದುರೆಯಂತೆ ಮೇಲಕ್ಕೆ ಬರುತ್ತಾನೆ. ಅಲ್ಲಿ ಸಾಧನವೂ ಅವನದೇ, ಪ್ರಯೋಜನವೂ ಅವನದೇ; ವಿಶ್ರಾಂತಿಯು ಅವನೇ ಬಯಸಿದ್ದು.

ರನ್ನನು ಇದರಲ್ಲಿ ಎರಡು ಮಾರ್ಪಾಡುಗಳನ್ನು ಮಾಡಿದ್ದಾನೆ. ಮೊದಲನೆಯದು, ಸ್ವಂತದ ಮಾಯೆಯು ಹೋಗಿ ಭೀಷ್ಮೋಪದಿಷ್ಟವಾದ ಮಂತ್ರವು ಬಂದಿದೆ. ರಾಜಶೇಖರನ ಪರಿಭಾಷೆಯಲ್ಲಿ ಹೇಳುವುದಾದರೆ, ದುರ್ಯೋಧನನ ಛಲವು ಸಹಜ, ಗದಾಭ್ಯಾಸವು ಆಹಾರ್ಯ, ಜಲಮಂತ್ರವು ಔಪದೇಶಿಕ. ಎರಡನೆಯದು, ದೀರ್ಘವಾದ ವಾದಪ್ರತಿವಾದಗಳ ಭಾರವೆಲ್ಲವೂ ಬೆವರೆಂಬ ಒಂದು ದೇಹವಿಕಾರದ ಮೇಲೆ ಬಂದು ನಿಂತಿದೆ.

ಬೆವರು ಎಂದರೇನು? ನಾಟ್ಯಶಾಸ್ತ್ರದಲ್ಲಿ ಸ್ವೇದವು ಎಂಟು ಸಾತ್ತ್ವಿಕಭಾವಗಳಲ್ಲಿ ಒಂದು. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧವಾಗಿರುವಲ್ಲಿ ಆಹಾರ್ಯವೆಂಬುದು ವೇಷಭೂಷಣ. ಅದನ್ನು ತೊಡಬಹುದು, ಕಳಚಬಹುದು. ಈ ನಾಡಿನಲ್ಲಿಯೇ ಬೆಳೆದ ಶ್ರೀಕೃಷ್ಣಪಾರಿಜಾತದ ಆಟವನ್ನು ಕಂಡವರಿಗೆ, ಒಡವೆ ಉಡುಗೆಗಳಿಂದ ಸತ್ಯಭಾಮೆಯ ವೇಷವು ಬಂದೀತೇ ಹೊರತು ಸತ್ಯಭಾಮೆಯು ಬರಲಾರಳೆಂಬುದು ಗೊತ್ತಿರುವ ಸಂಗತಿ. ಅವಳನ್ನು ತರುವುದು ಸತ್ತ್ವ. ಸತ್ತ್ವವು ಮನಸ್ಸಿನ ಸಮಾಧಾನದಿಂದ ಹುಟ್ಟತಕ್ಕದ್ದು, ಹೊರಗಿನಿಂದ ಹೇರತಕ್ಕದ್ದಲ್ಲ. ಜಲಮಂತ್ರವೂ ಒಂದು ಬಗೆಯ ಆಹಾರ್ಯವೇ. ಅದು ನೀರಿನ ಉಡುಗೆ. ಆ ಉಡುಗೆಯು ದುರ್ಯೋಧನನ ಮೈಯನ್ನು ಮುಚ್ಚಿತು, ಉಸಿರನ್ನು ಕಾಯ್ದಿತು, ಶತ್ರುವಿನ ಕಣ್ಣಿನಿಂದ ಮರೆಮಾಡಿತು. ಒಳಗಿನಿಂದ ಹೊಮ್ಮಿದ ಸ್ವೇದವನ್ನು ಮಾತ್ರ ತಡೆಯಲಾರದೆ ಹೋಯಿತು. ತಣ್ಣೀರು ಹೊರಗಿನಿಂದ ಮುಟ್ಟುತ್ತಿರುವ ಅದೇ ಚರ್ಮವನ್ನು ಬಿಸಿನೀರು ಒಳಗಿನಿಂದ ಒಡೆದು ಬಂದಿತು. ಆಹಾರ್ಯಸಾತ್ತ್ವಿಕಗಳು ಒಂದೇ ಮೈಯಲ್ಲಿ ಮುಖಾಮುಖಿಯಾಗಿ, ಸಾತ್ತ್ವಿಕವು ಗೆದ್ದ ಗಳಿಗೆಯು ಇದು. ಆದುದರಿಂದ ಆ ಪದ್ಯವನ್ನು ವಿರೋಧಾಭಾಸವೆಂದು ಕರೆಯುವುದು ತಪ್ಪಲ್ಲವಾದರೂ ಸಾಲದು. ಅಲಂಕಾರವು ಅಲ್ಲಿ ಪ್ರಬಂಧಧ್ವನಿಗೆ ಅಂಗವಾಗಿದೆ.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಸ್ವೇದವು ಕ್ರೋಧದಿಂದ ಮಾತ್ರವಲ್ಲದೆ ಭಯದಿಂದಲೂ ಹುಟ್ಟುತ್ತದೆಂದು ಭರತನೇ ಹೇಳಿರುವಾಗ, ದುರ್ಯೋಧನನು ಭೀಮನ ಗರ್ಜನೆಗೆ ಹೆದರಿ ಬೆವರಿದನೆಂದು ಏಕೆ ಅರ್ಥಮಾಡಬಾರದು? ಈ ಶಂಕೆಗೆ ಕವಿಯೇ ಅವಕಾಶವನ್ನು ಕೊಟ್ಟಿಲ್ಲ. ಕೋಪದಿಂದ ಕೆಂಪಾದ ಕಣ್ಣುಗಳನ್ನು ಅದೇ ಪದ್ಯದಲ್ಲಿ ಅವನಿಗೆ ವಿಶೇಷಣವಾಗಿ ಕೊಟ್ಟು, ಸ್ವೇದದ ಕಾರಣವನ್ನು ನಿಯಮಿಸಿಬಿಟ್ಟಿದ್ದಾನೆ. ಭಯವಾಗಿದ್ದರೆ ಬೆವರಿದವನು ಇನ್ನೂ ಆಳಕ್ಕೆ ಇಳಿಯಬೇಕಾಗಿತ್ತು. ಇವನು ಗದೆಯನ್ನು ಹೊತ್ತು ಮೇಲಕ್ಕೆ ಬರುತ್ತಾನೆ. ಕಾರ್ಯವೇ ಭಾವಕ್ಕೆ ಸಾಕ್ಷಿ.

ಇನ್ನೊಂದು ಆಕ್ಷೇಪವೂ ಪರಿಹಾರ್ಯವಾಗಿದೆ. ಮಂತ್ರವು ಸೋತಿತೆಂದರೆ ಮಂತ್ರದಲ್ಲಿಯೇ ಬಲವು ಸಾಲದೆಂದಾಯಿತು, ಸಹಜಾಹಾರ್ಯಗಳ ವಿಚಾರವು ಏತಕ್ಕೆ ಎಂದು ಕೇಳಬಹುದು. ಮಂತ್ರವು ಸೋತಿತೆಂದು ಕವಿಯು ಎಲ್ಲಿಯೂ ಹೇಳಿಲ್ಲ. ನೀರು ಒಡೆದು ಅವನನ್ನು ಹೊರಹಾಕಲಿಲ್ಲ, ಉಸಿರು ಕಟ್ಟಲಿಲ್ಲ. ಮಂತ್ರವು ತನ್ನ ಕೆಲಸವನ್ನು ಯಥಾವತ್ತಾಗಿ ಮಾಡುತ್ತಲೇ ಇತ್ತು. ಆದರೆ ಆ ಕೆಲಸವು ನಾಳೆಯ ತನಕ ಪ್ರಾಣವನ್ನು ಉಳಿಸುವುದು. ದುರ್ಯೋಧನನ ಸಹಜಶೀಲದ ಕೆಲಸವು ಇಂದಿನ ಮಾನವನ್ನು ಉಳಿಸುವುದು. ಪ್ರಯೋಜನವು ಒಂದಾಗಿದ್ದರೆ ಫಲವು ಇಮ್ಮಡಿಯಾಗುತ್ತಿತ್ತು. ಪ್ರಯೋಜನಗಳು ಎರಡಾದುದರಿಂದ ಔಷಧವು ಮೈಯಲ್ಲಿದ್ದೂ ಮದ್ದಾಗಲಿಲ್ಲ. ಬಿದ್ದವನಿಗೆ ಕೈಕೊಟ್ಟು ಎತ್ತುವ ಆತ್ರೇಯನ ದೃಷ್ಟಾಂತವನ್ನು ಇಲ್ಲಿಗೆ ಹೊಂದಿಸಿದರೆ, ಈ ಬಿದ್ದವನು ಕೊಟ್ಟ ಕೈಯನ್ನೇ ಅವಮಾನವೆಂದು ತಿಳಿಯುವವನು. ಅವನ ರೋಗವು ಆಯಾಸವಲ್ಲ. ಆಯಾಸಕ್ಕೆ ಸರೋವರವು ಸಾಕಾಗಿತ್ತು. ಅವನ ರೋಗವು ಛಲ. ಅದು ಅಸಾಧ್ಯಕೋಟಿಗೆ ಸೇರಿದುದು.

ಮುಂದಿನ ಗದಾಯುದ್ಧವು ಏಕೆ ಸಮಬಲರ ಹೋರಾಟವಾಗಿ ನಡೆಯುತ್ತದೆಂಬುದೂ ಇದರಿಂದ ವಿಶದವಾಗುತ್ತದೆ. ವ್ಯಾಸಭಾರತದಲ್ಲಿ ಶ್ರೀಕೃಷ್ಣನು ಇಬ್ಬರನ್ನೂ ತೂಗಿ, ಭೀಮನು ಬಲದಲ್ಲಿ ಮೇಲು, ದುರ್ಯೋಧನನು ಕೃತಿಯಲ್ಲಿ, ಎಂದರೆ ಅಭ್ಯಾಸದ ಕೌಶಲದಲ್ಲಿ ಮೇಲು, ಬಲಿಷ್ಠನಿಗಿಂತ ಕೃತಿಯೇ ವಿಶಿಷ್ಟನೆಂದು ತೀರ್ಪುಕೊಡುತ್ತಾನೆ. ಭೀಮನನ್ನು ಕೊಲ್ಲಬೇಕೆಂದು ಹದಿಮೂರು ವರ್ಷಗಳ ಕಾಲ ಉಕ್ಕಿನ ಪುರುಷನ ಮೇಲೆ ಗದೆಯನ್ನು ಬೀಸಿ ಬೀಸಿ ಪಡೆದ ಕೌಶಲವದು. ಈ ಆಹಾರ್ಯವಾದರೋ ಅವನ ಛಲದೊಡನೆ ಏಕಾರ್ಥವಾದುದು. ಛಲವೇ ಅಭ್ಯಾಸವನ್ನು ಮಾಡಿಸಿತು, ಅಭ್ಯಾಸವು ಛಲವನ್ನು ಬೆಳೆಸಿತು. ಆದುದರಿಂದ ಸರೋವರದಲ್ಲಿ ಪರಸ್ಪರ ಕೆಡಿಸಿಕೊಂಡ ಸಹಜ ಸಾಧನಗಳು ದಡಕ್ಕೆ ಬಂದೊಡನೆ ಕೂಡಿ ಇಮ್ಮಡಿಯಾದುವು. ಭೀಮನಲ್ಲಿಯೂ ಹಾಗೆಯೇ, ಅವನ ತೋಳ್ಬಲ, ಗದೆ, ದ್ರೌಪದಿಯ ಮುಡಿಗಾಗಿ ಮಾಡಿದ ಪ್ರತಿಜ್ಞೆ ಈ ಮೂರರ ಗುರಿಯೂ ಒಂದೇ. ಏಕಾರ್ಥತೆಯು ಇಬ್ಬರಲ್ಲಿಯೂ ಪೂರ್ಣವಾಗಿರುವಾಗ ಜಯವು ನ್ಯಾಯಯುದ್ಧದ ಲೆಕ್ಕದಿಂದ ನಿರ್ಣೀತವಾಗಲಿಲ್ಲ. ತೊಡೆಯ ಪೆಟ್ಟಿನಿಂದ ಆಯಿತು. ಆ ಪೆಟ್ಟಿನ ಧರ್ಮಾಧರ್ಮಗಳನ್ನು ಕುರಿತ ವಿವಾದವು ಹಳೆಯದು, ಅದಕ್ಕೆ ಇಲ್ಲಿ ಪ್ರವೇಶವಿಲ್ಲ.

೬

ಈ ವಿಚಾರದಿಂದ ಪಾತ್ರವಿಮರ್ಶೆಗೆ ಬರುವ ಫಲವೇನು? ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಗದಾಯುದ್ಧನಾಟಕವನ್ನು ಪ್ರಕಟಿಸಿ ಈ ಚಂಪುವಿನ ಒಡಲಲ್ಲಿದ್ದ ನಾಟಕವನ್ನು ಹೊರತೆಗೆದು ತೋರಿಸಿದ ಮೇಲೆ, ದುರ್ಯೋಧನನನ್ನು ದುರಂತನಾಯಕನೆಂದು ನೋಡುವ ಪದ್ಧತಿಯು ನೆಲೆಗೊಂಡಿತು. ಆ ನೋಟವು ಉಚಿತವೇ ಆಗಿದ್ದರೂ, ಅವನ ಅಳಿವಿಗೆ ಕಾರಣವನ್ನು ವಿಧಿಯ ಮೇಲೆ ಹೊರಿಸುವವರೂ, ಸರೋವರಪ್ರವೇಶವನ್ನು ಹೇಡಿತನವೆಂದು ಹಳಿಯುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಸಾಧನವನ್ನು ನೋಡುತ್ತಾರೆ, ಸಾಧಕನನ್ನು ನೋಡುವುದಿಲ್ಲ. ರನ್ನನು ದುರ್ಯೋಧನನಿಗೆ ಬದುಕುವ ಉಪಾಯವನ್ನು ಕೊಡದೆ ಕೊಲ್ಲಿಸಲಿಲ್ಲ. ಕುಶಲನಾದ ವೈದ್ಯನನ್ನು ಕೊಟ್ಟನು, ಸಿದ್ಧವಾದ ಮಂತ್ರವನ್ನು ಕೊಟ್ಟನು, ನಿಷ್ಠನಾದ ಪರಿಚಾರಕನನ್ನು ಕೊಟ್ಟನು. ಅವೆಲ್ಲವನ್ನೂ ಕೊಟ್ಟು, ಅವನ ಹಿರಿಮೆಯಾದ ಗುಣವೇ ಅವುಗಳನ್ನು ಸ್ವೀಕರಿಸಲೊಲ್ಲದೆ ಹೋದುದನ್ನು ತೋರಿಸಿದನು. ಯಾವುದರಿಂದ ಅವನು ಅವನೋ ಅದರಿಂದಲೇ ಅವನು ಅಳಿದನು. ಕೊಳದ ಪ್ರಸಂಗವನ್ನು ತೆಗೆದುಹಾಕಿದರೆ ಈ ಅರ್ಥವು ನಿಲ್ಲುವುದಿಲ್ಲ.

ಕೊನೆಗೆ ಕವಿಯ ವಿಷಯದಲ್ಲಿ ಒಂದೆರಡು ಮಾತು ಅಪ್ರಕೃತವಾಗಲಾರದು. ಕೃಷ್ಣಾ ಘಟಪ್ರಭೆಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಬನಹಟ್ಟಿಗಳು ೧೯೯೭ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿವೆ. ಜಂಬುಖಂಡಿ ಎಪ್ಪತ್ತರೊಳಗಣ ಮುದುವೊಳಲೇ ಇಂದಿನ ಮುಧೋಳ. ಅಲ್ಲಿ ೯೪೯ರಲ್ಲಿ ಬಳೆಗಾರರ ಮನೆಯಲ್ಲಿ ಜಿನವಲ್ಲಭ ಅಬ್ಬಲಬ್ಬೆಯರಿಗೆ ರನ್ನನು ಹುಟ್ಟಿದನು. ಈ ನಾಡಿನವರು ಅವನನ್ನು ಹುಟ್ಟುಕವಿಯೆಂದು ಅಭಿಮಾನದಿಂದ ಹೇಳಿಕೊಳ್ಳುವುದು ಸಹಜ. ಓದುಬರಹದ ಹಂಗಿಲ್ಲದೆಯೂ ಕನ್ನಡನಾಡಿನ ಜನರು ಕಾವ್ಯಪ್ರಯೋಗದಲ್ಲಿ ನುರಿತವರೆಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಹೊಗಳಿದೆಯಷ್ಟೆ. ಆದರೆ ಹುಟ್ಟುಕವಿಯೆಂಬ ಒಂದೇ ಮಾತಿನಿಂದ ರನ್ನನ ಚರಿತ್ರೆಯನ್ನು ಮುಗಿಸಿದರೆ ಅರ್ಧವನ್ನು ಮುಚ್ಚಿಟ್ಟಂತಾಗುವುದು. ಅವನು ಕುಲವೃತ್ತಿಯ ಊರನ್ನು ಬಿಟ್ಟು ವಿದ್ಯೆಯನ್ನು ಅರಸಿ ಹೋದನು, ಅಜಿತಸೇನಾಚಾರ್ಯರನ್ನು ಗುರುವಾಗಿ ಪಡೆದನು, ಚಾವುಂಡರಾಯನ ಆಶ್ರಯವನ್ನು, ಮುಂದೆ ಅತ್ತಿಮಬ್ಬೆಯ ಪೋಷಣೆಯನ್ನು ಪಡೆದನು, ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದನು, ಚಾಳುಕ್ಯಚಕ್ರವರ್ತಿಯಿಂದ ಕವಿಚಕ್ರವರ್ತಿಯೆನಿಸಿದನು. ಪಂಪನ ಭಾರತದ ಹದಿಮೂರನೆಯ ಆಶ್ವಾಸವನ್ನು ಹತ್ತು ಆಶ್ವಾಸಗಳಾಗಿ ಬೆಳೆಸಿದ ಗದಾಯುದ್ಧದಲ್ಲಿ ಸಹಜಶಕ್ತಿಯು ಎಷ್ಟಿದೆಯೋ ವ್ಯಾಸಭಾರತದ, ಭಟ್ಟನಾರಾಯಣನ ವೇಣೀಸಂಹಾರದ ವ್ಯುತ್ಪತ್ತಿಯೂ ಅಷ್ಟಿದೆ. ನಾಯಕನು ತಳ್ಳಿದ ಕೈಯನ್ನು ಕವಿಯು ತಳ್ಳಲಿಲ್ಲ. ಉಪದೇಶವನ್ನು ಪಡೆದು, ಅದನ್ನು ತನ್ನ ಸಹಜಕ್ಕೆ ಏಕಾರ್ಥವಾಗಿ ಮಾಡಿಕೊಂಡನು, ಫಲವು ಇಮ್ಮಡಿಯಾಯಿತು.

ಈ ಪಾಠವನ್ನು ಕಾವ್ಯವನ್ನು ಬೋಧಿಸುವವರು ಮರೆಯಬಾರದು. ನೇಕಾರನ ಮಗನಾಗಲಿ ಒಕ್ಕಲಿಗನ ಮಗಳಾಗಲಿ ಪದ್ಯವೊಂದನ್ನು ಬರೆದುತಂದಾಗ, ಹುಟ್ಟಿನಿಂದ ಬಂದ ಶಕ್ತಿಯಿದ್ದರೆ ಸಾಕು, ಛಂದೋವ್ಯಾಕರಣಗಳು ಏತಕ್ಕೆಂದು ಹೇಳುವುದು ದ್ರಾಕ್ಷಿಗೆ ಪಾಕವು ಬೇಡವೆಂದ ಆಚಾರ್ಯರ ಮತ. ವ್ಯಾಕರಣವು ಮೊದಲು ಬರಲಿ, ಶಕ್ತಿಯು ಆಮೇಲೆ ನೋಡೋಣವೆಂದು ಹೇಳುವುದು ಕುಂಬಾರನಿಲ್ಲದ ಚಕ್ರವನ್ನು ತಿರುಗಿಸಿದಂತೆ. ಎರಡೂ ಬೇಕು; ಎರಡೂ ಬೇಕೆಂಬುದಕ್ಕಿಂತ, ಎರಡರ ಗುರಿಯೂ ಒಂದಾಗಬೇಕು. ವಿದ್ಯಾರ್ಥಿಯ ಸಹಜವು ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ಅರಿಯದೆ ಹೇರಿದ ಶಾಸ್ತ್ರವು, ಎಷ್ಟೇ ಸಿದ್ಧಮಂತ್ರವಾಗಿದ್ದರೂ, ವೈಶಂಪಾಯನಸರೋವರದ ನೀರಿನಂತೆ ಮೈಯನ್ನು ಮುಚ್ಚೀತೇ ಹೊರತು ತಾಪವನ್ನು ಆರಿಸಲಾರದು.